ದಿಮ್ಮಿಯ ನಡುವೆ ಕೂರುವವನಿಗೆ

ಪೊಯ್ಯೆಮೂಲೆ,
ಮರ್ಕಂಜದ ಹತ್ತಿರ
೧೭-೧೨-೧೯೬೧, ಆದಿತ್ಯವಾರ

ಪ್ರಿಯ ಗೆಳೆಯ ಕುಂಞಿ ಮೋನುವಿಗೆ ದೇರಣ್ಣನ ವಂದನೆಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆದು ಕೈ ತೊಳೆದುಕೊಳ್ಳುವುದು ಲೋಕದ ರೂಢಿ. ನಾನು ಅಂಚೆ ಇಲಾಖೆಯ ಮನುಷ್ಯ, ಪರಿಶೀಲಿಸದೆ ಸಹಿ ಹಾಕುವಂತಿಲ್ಲ. ಆದ್ದರಿಂದ ನಿನ್ನೆ ಸಂಜೆ ನಿನ್ನ ಮನೆಯ ಅಂಗಳದವರೆಗೆ ಹೋಗಿ ವಿಚಾರಿಸಿಯೇ ಬರೆಯುತ್ತಿದ್ದೇನೆ. ಮೈಮೂನಾ “ಸೌಖ್ಯ” ಎಂದಳು. ಅಷ್ಟೇ ಎಂದಳು. ಮಕ್ಕಳು ಆಡಿಕೊಂಡಿದ್ದರು. ನಿನ್ನ ಕಪ್ಪು ಆಡು ಎರಡು ಮರಿ ಹಾಕಿದೆ, ಅದರಲ್ಲಿ ಒಂದು ನಿನ್ನ ಹಾಗೆ, ಯಾರು ಕರೆದರೂ ಅವರ ಹಿಂದೆ ಹೋಗುತ್ತದೆ. ನಮ್ಮಲ್ಲಿ ಸೇವಂತಿಗೆ ಮಂಡಿನೋವು ಇದೆ, ನನ್ನ ಮೇಲಿನ ಸಿಟ್ಟೂ ಇದೆ. ಎರಡಕ್ಕೂ ಎಣ್ಣೆ ಹಚ್ಚಿ ನೋಡಿದ್ದಾಯಿತು.

ನಿನ್ನ ಮೂರು ಕಾಗದಗಳೂ ಬಂದು ಮುಟ್ಟಿವೆ. ನಾನೇ ಚೀಲ ಬಿಚ್ಚಿ, ನಾನೇ ಮೊಹರು ಹೊಡೆದು, ನನಗೆ ನಾನೇ ಬಟವಾಡೆ ಮಾಡಿಕೊಂಡಿದ್ದೇನೆ. ಕಾಗದ ಸಿಕ್ಕಲಿಲ್ಲ ಎಂಬ ಸುಳ್ಳನ್ನು ಈ ಭೂಮಿಯ ಮೇಲೆ ಯಾರು ಬೇಕಾದರೂ ಹೇಳಬಹುದು, ಪೋಸ್ಟ್‌ಮಾಸ್ಟರ್ ಹೇಳುವಂತಿಲ್ಲ. ಕಾರ್ಡು ಇರಲಿಲ್ಲ ಎನ್ನಲಾರೆ, ಪೆಟ್ಟಿಗೆ ತುಂಬ ಇವೆ. ಶಾಯಿ ಒಣಗಿತ್ತು ಎನ್ನಲಾರೆ, ಸರಕಾರವೇ ಕೊಡುತ್ತದೆ. ಪುರುಸೊತ್ತು ಇರಲಿಲ್ಲ ಎಂದರೆ ನೀನು ಬೊಂಬಾಯಿಯಲ್ಲಿ ಕೂತೇ ನಗುತ್ತೀ. ಆದ್ದರಿಂದ ತಡಕ್ಕೆ ಕ್ಷಮಿಸು ಎಂದು ಕಾರಣವಿಲ್ಲದೆಯೇ ಬೇಡುತ್ತಿದ್ದೇನೆ.

ಮೂರು ಕಾಗದದಲ್ಲೂ ನೀನು ಕೇಳಿದ ಪ್ರಶ್ನೆ ಒಂದೇ: “ದಿಮ್ಮಿಯಲ್ಲಿ ನನ್ನ ಜಾಗದಲ್ಲಿ ಈಗ ಯಾರು ಕೂರುದು?” ಉತ್ತರ: ಯಾರೂ ಇಲ್ಲ. ದಿಮ್ಮಿಯೂ ಇಲ್ಲ. ಗಾಬರಿಯಾಗಬೇಡ, ಕಳ್ಳರು ಕದ್ದದ್ದಲ್ಲ. ನಾವೇ ಅದನ್ನು ಉದ್ಧಾರ ಮಾಡಿದೆವು.

ಅದಕ್ಕೂ ಮೊದಲು ಮುಖ್ಯ ಸಂಗತಿ ಕೇಳು. ಈ ವರ್ಷ ತೋಡಿಗೆ ಅಡ್ಡಲಾಗಿ ಮಣ್ಣಿನ ಕಟ್ಟ ಆಗಿಲ್ಲ. ಡಿಸೆಂಬರ್ ಹದಿನೇಳು, ಇನ್ನೂ ಆಗಿಲ್ಲ! ಆಚೆ ಊರಿನವರೆಲ್ಲ ಕಟ್ಟಿ, ನೀರು ನಿಲ್ಲಿಸಿ, ಮಕ್ಕಳು ಈಜಿ ನೆಗಡಿ ಹಿಡಿಸಿಕೊಂಡೂ ಆಯಿತು. ನಮ್ಮ ತೋಡಿನ ನೀರು ಮಾತ್ರ ಯಾರ ಹಂಗೂ ಇಲ್ಲದೆ ಸಮುದ್ರಕ್ಕೆ ಹೋಗುತ್ತಿದೆ. ಇನ್ನು ಇಪ್ಪತ್ತು ದಿನ ಹೀಗೇ ಹೋದರೆ ಬೇಸಗೆಯ ಕೊಳಕೆ ಬೇಸಾಯ ಇಲ್ಲ, ಹತ್ತೊಂಬತ್ತು ಮನೆಯ ಗದ್ದೆಗಳಲ್ಲಿ ದನ ಕಟ್ಟಬೇಕು. ನೀನು ಫೆಬ್ರವರಿಯಲ್ಲಿ ಬರುತ್ತೇನೆ ಎಂದು ಬರೆದಿದ್ದೀ. ಆಗುವುದಿಲ್ಲ. ಈ ಕಾಗದ ಕಂಡ ಕೂಡಲೇ ಹೊರಟು ಬಾ. ನಿನಗೆ ಗದ್ದೆಯೇ ಇಲ್ಲ, ಕಟ್ಟಕ್ಕೂ ನಿನಗೂ ಎಂತ ಸಂಬಂಧ ಎಂದು ನೀನು ಕೇಳಬಹುದು. ಸಂಬಂಧ ಇಲ್ಲದ್ದೇ ನಿನ್ನ ಯೋಗ್ಯತೆ ಎಂದು ನನಗೆ ಈಗ ಅರ್ಥವಾಗಿದೆ. ಅದನ್ನೇ ಬರೆಯಲು ಕೂತಿದ್ದೇನೆ.

ನಿನಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ ಎಂದು ಬೈಯಬೇಡ. ಆ ದಿಮ್ಮಿಯ ಚರಿತ್ರೆ ಎಲ್ಲಾದರೂ ಒಂದು ಕಡೆ ದಾಖಲಾಗಬೇಕು, ನಮ್ಮ ಸಂಘದ ಮಿನಿಟ್ಸ್ ಪುಸ್ತಕದಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ನಲವತ್ತೊಂಬತ್ತನೇ ಇಸವಿಯಲ್ಲಿ ಆ ಮರದ ಕಂತ್ರಾಟುದಾರನ ಲಾರಿಯ ಅಚ್ಚು ಮುರಿದು ಹೆಬ್ಬಲಸಿನ ದಿಮ್ಮಿ ನಮ್ಮ ಕೂಡುರಸ್ತೆಯ ಬದಿಗೆ ಉರುಳಿತಷ್ಟೆ? ಫಾರೆಸ್ಟಿನವರು ಬಂದು, ಇದರಲ್ಲಿ ನಮ್ಮ ಸುತ್ತಿಗೆಯ ಗುರುತು ಇಲ್ಲ ಎಂದು ಮುಟ್ಟುಗೋಲು ಹಾಕಿ, ಸುತ್ತಿಗೆಯ ಗುರುತು ಹೊಡೆದು ಹೋದರು. ಕಂತ್ರಾಟುದಾರ ಮಲೆಯಾಳದ ಕಡೆಗೆ ಓಡಿದ. ಕೇಸು ಮುಗಿಯುವವರೆಗೆ ದಿಮ್ಮಿಯನ್ನು ಯಾರೂ ಮುಟ್ಟಬಾರದೆಂದು ಹುಕುಂ. ಕೂರಬಾರದೆಂದು ಹುಕುಂ ಇರಲಿಲ್ಲ. ಹನ್ನೆರಡು ವರ್ಷ ಕೂತೆವು. ಹದಿನಾರು ಜನ ಕೂತರೂ ಹದಿನೇಳನೆಯವನಿಗೆ ಜಾಗ ಇರುತ್ತಿತ್ತು. ಯಾರ ಜಾಗದಲ್ಲೂ ಅಲ್ಲ, ಯಾರ ಸೊತ್ತೂ ಅಲ್ಲ, ಯಾರೂ ಕರೆದದ್ದಲ್ಲ, ಯಾರನ್ನೂ ಏಳು ಎನ್ನುವ ಹಕ್ಕು ಯಾರಿಗೂ ಇಲ್ಲ. ಸರಕಾರದ ಆಸ್ತಿಗಳಲ್ಲಿ ಪ್ರಜೆಗಳಿಗೆ ಇಷ್ಟು ಉಪಯೋಗವಾದದ್ದು ಇನ್ನೊಂದು ನಾನು ಕಂಡಿಲ್ಲ.

ಮಾಯಿಲಪ್ಪನನ್ನು ನೆನಪಿಸಿಕೋ. ಅವನು ಸುಳ್ಯದಿಂದ ಉಪ್ಪು, ಮೀನಿನ ಹೊರೆ ಹೊತ್ತು ತರುವವನು. ಮೊದಲ ವರ್ಷ ದಿಮ್ಮಿಯ ತುದಿಯಲ್ಲಿ ಹೊರೆ ಮಾತ್ರ ಇಟ್ಟು ತಾನು ದೂರ ನಿಂತ. ಎರಡನೇ ವರ್ಷ ಹೊರೆಯ ಪಕ್ಕ ಕೈ ಊರಿದ. ಮೂರನೇ ವರ್ಷ ಒರಗಿದ. ನಾಲ್ಕನೇ ವರ್ಷ ಒಂದು ದಿನ ನೋಡುವಾಗ ಕೂತಿದ್ದ. ಯಾರೂ ಕೂರು ಅನ್ನಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ಹಾಗೊಂದು ನಿರ್ಣಯ ಮಂಡಿಸಿ ಕೈ ಎತ್ತಿಸಿದ್ದಿದ್ದರೆ ನಾವು ಎಷ್ಟು ಜನ ಎತ್ತುತ್ತಿದ್ದೆವೋ ದೇವರೇ ಬಲ್ಲ.

ಇನ್ನು ನಿನ್ನ ಜಾಗದ ವಿಷಯ. ನಮ್ಮ ಊರಿನಲ್ಲಿ ಮಾತು ಬಿಟ್ಟ ಇಬ್ಬರು ದಿಮ್ಮಿಯ ಎರಡು ತುದಿಗೆ ಕೂರುವುದು, ಹೇಳುವುದನ್ನು ನಡುವಿನವನಿಗೆ ಹೇಳುವುದು ಪದ್ಧತಿಯಷ್ಟೆ? ಆ ನಡು ಯಾವಾಗಲೂ ನಿನ್ನದು. ನನಗೂ ಡೊಂಬಯ್ಯನಿಗೂ ಮಾತು ನಿಂತು ಏಳು ವರ್ಷ. ಅವನ ಎಮ್ಮೆ ನನ್ನ ಸೌತೆ ಚಪ್ಪರಕ್ಕೆ ನುಗ್ಗಿದ್ದು ಅವನ ಅಪರಾಧ, ಎಮ್ಮೆಯನ್ನು ನಾನು ಸರಕಾರಿ ದೊಡ್ಡಿಗೆ ಅಟ್ಟಿದ್ದು ನನ್ನ ಅಪರಾಧ. ನೀನು ಇದ್ದಷ್ಟು ವರ್ಷವೂ ಡಿಸೆಂಬರಿನಲ್ಲಿ ಒಂದು ಮಾತುಕತೆ ಆಗುತ್ತಿತ್ತು. ಡೊಂಬಯ್ಯ ಆ ತುದಿಯಿಂದ, ತೋಡಿನ ಆಚೆಗೂ ಕೇಳುವ ಸ್ವರದಲ್ಲಿ:

“ಬ್ಯಾರಿ, ಆ ಜನಕ್ಕೆ ಹೇಳು. ಕಳೆದ ವರ್ಷ ಕಟ್ಟಕ್ಕೆ ಅವರ ಮನೆಯ ಆಳು ಬಂದದ್ದು ಊಟದ ಹೊತ್ತಿಗೆ. ನಾಚಿಕೆ ಉಂಟಾ ಕೇಳು.”

ನೀನು ಎಲೆಗೆ ಸುಣ್ಣ ಹಚ್ಚುತ್ತ ನನ್ನ ಕಡೆ ತಿರುಗಿ ಹೇಳುತ್ತಿದ್ದೆ: “ದೇರಣ್ಣ, ಡೊಂಬಯ್ಯ ಕೇಳ್ತಾನೆ, ಈ ವರ್ಷ ಬೇಗ ಸುರು ಮಾಡುವನಾ ಅಂತ.”

ಡೊಂಬಯ್ಯ ಹೇಳಿದ್ದು ನನಗೆ ಕೇಳಿದೆ, ಎಲ್ಲರಿಗೂ ಕೇಳಿದೆ, ಗುಡ್ಡೆಯ ದನಗಳಿಗೂ ಕೇಳಿದೆ. ಆದರೂ ನಾನು ಉತ್ತರ ಕೊಡಬೇಕಾದದ್ದು ನೀನು ಹೇಳಿದ್ದಕ್ಕೆ. ನಾನು ಹೇಳುತ್ತಿದ್ದೆ: “ಆ ಎಮ್ಮೆಯ ಯಜಮಾನನಿಗೆ ಹೇಳು, ನನಗೆ ಬುದ್ಧಿ ಹೇಳಲು ಅವನ ಅಪ್ಪನಿಂದಲೂ ಆಗಿಲ್ಲ.”

“ಡೊಂಬಯ್ಯ, ದೇರಣ್ಣ ಆಗಬಹುದು ಹೇಳ್ತಾನೆ. ಏಳು ಗಂಟೆಗೆ ಆದೀತಾ?”

“ಆರೂವರೆಗೆ ಬರುದಾದ್ರೆ ಬರ್ಲಿ!”

ಹೀಗೆ ಬೈದುಕೊಂಡೇ ಒಪ್ಪಿಗೆ ಆಗುತ್ತಿತ್ತು. ಬೈದದ್ದು ಬೈದವನಿಗೆ ತೃಪ್ತಿ, ಒಪ್ಪಿದ್ದು ಊರಿಗೆ ಲಾಭ. ಕಟ್ಟಕ್ಕೆ ಮನೆಗೊಂದು ಆಳು, ಎಲ್ಲರೂ ಒಂದೇ ದಿನ ಬಂದು, ಗೂಟ, ಕಲ್ಲು, ಸೊಪ್ಪು, ಮಣ್ಣು ಹಾಕಿ ಸೂರ್ಯ ಮುಳುಗುವ ಮುಂಚೆ ಮುಗಿಸಬೇಕು. ಅರ್ಧ ಕಟ್ಟಿದ್ದನ್ನು ತೋಡು ರಾತ್ರಿಯೇ ಒಯ್ಯುತ್ತದೆ. ಆ ಒಂದು ದಿನವನ್ನು ಗೊತ್ತುಮಾಡುವುದೇ ಕಷ್ಟ, ಕಟ್ಟುವುದು ಕಷ್ಟವಲ್ಲ. ಅದನ್ನು ನೀನು ಸುಣ್ಣ ಹಚ್ಚುತ್ತ ಮಾಡುತ್ತಿದ್ದೆ.

ನೀನು ಅಣ್ಣನ ಕಾಲು ಮುರಿಯಿತೆಂದು ಅವನ ಅಂಗಡಿ ನೋಡಿಕೊಳ್ಳಲು ಬೊಂಬಾಯಿಗೆ ಹೋದದ್ದು ಕಳೆದ ವರ್ಷದ ಅಕ್ಟೋಬರಿನಲ್ಲಿ. ಆ ಡಿಸೆಂಬರಿನ ಕಟ್ಟ ನಿನ್ನ ಹಳೆಯ ಅಭ್ಯಾಸದ ಬಲದಲ್ಲೇ ಹೇಗೋ ಆಯಿತು, ನಡುವಿನ ಖಾಲಿ ಜಾಗಕ್ಕೇ ಮಾತಾಡಿಕೊಂಡೆವು. ನಮ್ಮ ದುರದೃಷ್ಟ, ಅದೇ ದಿನ ಬ್ಲಾಕಿನ ದೊಡ್ಡ ಅಧಿಕಾರಿಗಳ ಜೀಪಿಗೆ ಬಾಯಾರಿತು. ಡ್ರೈವರ್ ನೀರು ತರಲು ತೋಡಿಗೆ ಹೋದ, ಅಧಿಕಾರಿಗಳು ಇಳಿದು ನಮ್ಮನ್ನು ನೋಡಿದರು. ಹದಿನೈದು ಜನ, ಒಂದು ಮರ, ಒಂದು ಕೆಲಸ, ಖರ್ಚಿಲ್ಲದೆ ನಿಶ್ಚಯ! ಅವರ ಕಣ್ಣಲ್ಲಿ ನೀರು ಬಂತು. ಧೂಳಿನಿಂದಲೂ ಇರಬಹುದು.

“ಎಂಥ ಸಮುದಾಯ ಪ್ರಜ್ಞೆ! ಇದಕ್ಕೊಂದು ಕಟ್ಟಡ ಬೇಡವೇ?” ಎಂದರು.

ನಮಗೆ ಅಲ್ಲಿಯವರೆಗೆ ಬೇಡವಾಗಿತ್ತು. ಆ ಕ್ಷಣದಿಂದ ಬೇಕಾಯಿತು. ಪಂಚಾಯತು ಅಧ್ಯಕ್ಷ ಪದ್ಮಯ್ಯಣ್ಣ ಎದ್ದು ನಿಂತು ಶಾಲು ಸರಿಮಾಡಿಕೊಂಡ. ನಾನು, ಊರಿನಲ್ಲಿ ಅರ್ಜಿ ಬರೆಯಬಲ್ಲ ಏಕಮಾತ್ರ ಪ್ರಾಣಿ, ಜೇಬಿನಿಂದ ಪೆನ್ನು ತೆಗೆದೆ. ಮುಂದಿನದ್ದಕ್ಕೆಲ್ಲ ಆ ಪೆನ್ನೇ ಕಾರಣ.

ಗ್ರಾಮಸೇವಕ ಕೃಷ್ಣಮೋಹನ ಅರ್ಜಿಯ ನಮೂನೆ ತಂದ. ಒಳ್ಳೆಯ ಹುಡುಗ, ಗಟ್ಟದ ಮೇಲಿನವನು, ಪ್ಯಾಂಟಿಗೆ ನೆಗ್ಗಿಲುಮುಳ್ಳು ಅಂಟಿದರೂ ಸಿಟ್ಟಾಗುವುದಿಲ್ಲ. ನಮೂನೆಯಲ್ಲಿ ಕೇಳಿದ್ದರು: ಸಂಘದ ಹೆಸರು, ಉದ್ದೇಶ, ಪದಾಧಿಕಾರಿಗಳು, ಸ್ಥಾಪಕ ಸದಸ್ಯರ ಪಟ್ಟಿ. ಹನ್ನೆರಡು ವರ್ಷ ನಮಗೆ ಉದ್ದೇಶ ಇದ್ದದ್ದು ನೆನಪಿಲ್ಲ. “ಗ್ರಾಮಸ್ಥರ ಸರ್ವತೋಮುಖ ಅಭಿವೃದ್ಧಿ” ಎಂದು ಬರೆದೆ. ಪದ್ಮಯ್ಯಣ್ಣ ಅಧ್ಯಕ್ಷ, ನಾನು ಕಾರ್ಯದರ್ಶಿ. ಸದಸ್ಯರು ಒಟ್ಟು ಹನ್ನೆರಡು. ನಮೂನೆಯಲ್ಲಿ ಹೆಸರಿನ ಮುಂದೆ ಎಷ್ಟು ತೀರ್ವೆ ಕಟ್ಟುತ್ತಾರೆ ಎಂಬ ಒಂದು ಕಾಲಂ ಇತ್ತು. ಭೂಮಿ ಇಲ್ಲದವರಿಗೆ ತೀರ್ವೆ ಇಲ್ಲ, ತೀರ್ವೆ ಇಲ್ಲದವರಿಗೆ ಕಾಲಂ ತುಂಬುವುದಿಲ್ಲ. ಹೀಗಾಗಿ ನಿನ್ನ ಹೆಸರು ಅದರಲ್ಲಿ ಬಂದಿಲ್ಲ. ಮಾಯಿಲಪ್ಪನದ್ದೂ ಬಂದಿಲ್ಲ. ನಮೂನೆಗೆ ನಿನ್ನ ಗುಣ ಗೊತ್ತಿರುವುದಿಲ್ಲ, ಪದ್ಮಯ್ಯಣ್ಣನಿಗೆ ನಿಯಮ ಎಂದರೆ ನಿಯಮ. ಬೇಸರಿಸಬೇಡ.

ಆಮೇಲೆ ಎಲ್ಲ ಗಾಳಿಯಂತೆ ನಡೆಯಿತು. ಹನ್ನೆರಡು ವರ್ಷ ಮುಗಿಯದ ದಿಮ್ಮಿಯ ಕೇಸು, ಕಂತ್ರಾಟುದಾರ ತೀರಿಹೋದನೆಂದು ತಿಳಿದು ಹನ್ನೆರಡು ದಿನದಲ್ಲಿ ಮುಗಿಯಿತು. ದಿಮ್ಮಿಯನ್ನು ಸಾರ್ವಜನಿಕ ಉಪಯೋಗಕ್ಕೆ ಬಿಟ್ಟುಕೊಟ್ಟರು. ಅದು ಅಲ್ಲಿಯವರೆಗೆ ಯಾರ ಉಪಯೋಗದಲ್ಲಿತ್ತು ಎಂದು ಕೇಳಲು ನಮಗೆ ತೋಚಲಿಲ್ಲ. ಗರಗಸದವರು ಬಂದು ಒಂಬತ್ತು ದಿನ ಕೊಯ್ದರು. ಅದರಿಂದ ಕೈಯುಳ್ಳ ಹನ್ನೆರಡು ಕುರ್ಚಿ, ಅಧ್ಯಕ್ಷರಿಗೆ ಮೇಜು, ಸದಸ್ಯರ ಹೆಸರು ಬರೆಯುವ ದೊಡ್ಡ ಹಲಗೆ, ಉಳಿದದ್ದರಲ್ಲಿ ಬಾಗಿಲು. ನಾವು ಕೂರುತ್ತಿದ್ದ ಮರವೇ ಬಾಗಿಲಾಗಿ ನಮ್ಮನ್ನು ಹೊರಗೆ ಹಾಕಿತು. ಆ ಕಟ್ಟಡದ, ಅಂದರೆ ಸಂಘದ ಮಂದಿರದ, ಉದ್ಘಾಟನೆ ಮೇ ತಿಂಗಳಲ್ಲಿ ಆಯಿತು. ಪುತ್ತೂರಿನಿಂದ ಬಂದ ದೊಡ್ಡವರು ಒಂದೂವರೆ ಗಂಟೆ ಭಾಷಣ ಮಾಡಿ, ಜನರು ಸಹಜವಾಗಿ ಕಲೆಯುವುದರ ಮಹತ್ವವನ್ನು ವಿವರಿಸಿದರು. ನಾವು ಸಾಲಾಗಿ ಕೂತು, ಕೆಮ್ಮದೆ ಕೇಳಿದೆವು.

ಅಂದಿನಿಂದ ಅಲ್ಲಿ ಯಾರೂ ಸಹಜವಾಗಿ ಕಲೆತಿಲ್ಲ. ಬೀಗದ ಕೈ ಪದ್ಮಯ್ಯಣ್ಣನ ಉಡಿದಾರದಲ್ಲಿದೆ. ಅವನು ಪುತ್ತೂರಿಗೆ ಹೋದರೆ ನಮ್ಮ ಸರ್ವತೋಮುಖ ಅಭಿವೃದ್ಧಿಯೂ ಅವನ ಜೊತೆ ಬಸ್ಸು ಹತ್ತಿ ಹೋಗುತ್ತದೆ. ಬಾಗಿಲು ತೆರೆದಿಡು ಎಂದು ನಾನು ಎಷ್ಟು ಸಲ ಹೇಳಿದೆ!

“ಕುರ್ಚಿ ಹೋದ್ರೆ ಯಾರು ಜವಾಬು ಕೊಡುದು? ನೀನು ಕೊಡ್ತಿಯಾ?”

“ದಿಮ್ಮಿ ಹನ್ನೆರಡು ವರ್ಷ ಬಯಲಲ್ಲಿತ್ತಲ್ಲ, ಯಾರಾದರೂ ಕದ್ದರಾ?”

“ಅದನ್ನು ಎತ್ತಲಿಕ್ಕೆ ಆಗ್ತಿರಲಿಲ್ಲ ಮಾರಾಯ. ಕುರ್ಚಿ ಎತ್ತಲಿಕ್ಕೆ ಆಗ್ತದೆ.”

ಪದ್ಮಯ್ಯಣ್ಣ ವಿಚಾರವಂತನಲ್ಲ ಎಂದು ಯಾರು ಹೇಳಿದರು?

ಮಾಯಿಲಪ್ಪ ಒಂದು ದಿನ ಹೊರೆ ತಲೆಯಲ್ಲಿಟ್ಟುಕೊಂಡೇ ಮಂದಿರಕ್ಕೆ ಒಂದು ಸುತ್ತು ಬಂದ. ಹೊರೆ ಇಳಿಸುವಷ್ಟು ಎತ್ತರದ ಜಾಗ ಎಲ್ಲೂ ಇಲ್ಲ. ಒಳಗೆ ಇಣುಕಿ ಕುರ್ಚಿಗಳನ್ನು ಎಣಿಸಿದ. “ಪೋಸ್ಟಿನ ಧನಿಗಳೇ, ಕುರ್ಚಿಗೆ ಹೆಸರು ಉಂಟಂತೆ, ಹೌದಾ?” ಎಂದು ಕೇಳಿದ. ಉಂಟು ಎಂದೆ. ತಲೆ ಅಲ್ಲಾಡಿಸಿದರೆ ಹೊರೆ ಬೀಳುತ್ತದೆಂದು ಕಣ್ಣು ಮಾತ್ರ ಅಲ್ಲಾಡಿಸಿ ಹೋದ. ಈಗ ಅವನು ಗುಡ್ಡೆಯ ಒಳದಾರಿಯಲ್ಲೇ ಹೋಗುತ್ತಾನೆ. ಹೀಗಾಗಿ ಸುಳ್ಯದ ಸುದ್ದಿ ನಮಗೆ ಬರುವುದಿಲ್ಲ. ಗೋವಾದ ವಿಷಯ ಪೇಪರಿನಲ್ಲಿ ದಿನಾ ಬರುತ್ತಿದೆ. ದಿಮ್ಮಿ ಇದ್ದಿದ್ದರೆ ನಾವು ಇಷ್ಟು ಹೊತ್ತಿಗೆ ಅದನ್ನು ಪೋರ್ಚುಗೀಸರಿಂದ ನಾಲ್ಕು ಸಲ ಬಿಡಿಸಿ ಕೊಟ್ಟಿರುತ್ತಿದ್ದೆವು. ಈಗ ನಾನೊಬ್ಬನೇ ಓದಿ, ಸೇವಂತಿಗೆ ಹೇಳಿದರೆ, ಅವಳು “ಮೊದಲು ಬಾವಿಯ ಹಗ್ಗ ಬಿಡಿಸಿ ಕೊಡಿ” ಎನ್ನುತ್ತಾಳೆ.

ಬೇರೆ ಜಾಗ ಹುಡುಕದೆ ಇಲ್ಲ. ಪೋಸ್ಟಾಫೀಸಿನ, ಅಂದರೆ ನಮ್ಮ ಮನೆಯ, ಜಗಲಿಯಲ್ಲಿ ಒಂದು ವಾರ ಕೂತೆವು. ಮನೆಗೆ ಬಂದವರೆಂದು ಸೇವಂತಿ ಪ್ರತಿಯೊಬ್ಬರಿಗೂ ಬೆಲ್ಲ, ನೀರು ಕೊಡಬೇಕಾಯಿತು. ಕೊಟ್ಟದ್ದರಿಂದ ಬಂದವರಿಗೆ ಸಂಕೋಚವಾಯಿತು, ಎಂಟನೇ ದಿನ ಯಾರೂ ಬರಲಿಲ್ಲ. ಡೊಂಬಯ್ಯನಂತೂ ನನ್ನ ಜಗಲಿಗೆ ಹೇಗೆ ಬಂದಾನು? ಮೋರಿಯ ಮೇಲೆ ಕೂತರೆ ಬಸ್ಸು ಮಂಡಿ ಸವರಿಕೊಂಡು ಹೋಗುತ್ತದೆ. ಕಳೆದ ತಿಂಗಳು ಕುಂಬ್ರಕ್ಕೆ ಹೋದಾಗ ಅಲ್ಲಿ ಒಂದು ಅಂಗಡಿಯ ಎದುರು ಎಂಟು ಜನ ಅಕ್ಕಿಯ ಗೋಣಿಗಳ ಮೇಲೆ ಕೂತು, ಯಾರದೋ ಮದುವೆಯ ಊಟದಲ್ಲಿ ಸಾರಿಗೆ ಉಪ್ಪು ಹೆಚ್ಚಾದದ್ದನ್ನು ವಿಚಾರಣೆ ಮಾಡುತ್ತಿದ್ದರು. ಮದುವೆ ಯಾರದೆಂದು ನನಗೆ ಗೊತ್ತಿಲ್ಲ, ಸಾರು ನಾನು ಉಂಡಿಲ್ಲ. ಆದರೂ ಬಸ್ಸು ಬಿಟ್ಟು ಮುಕ್ಕಾಲು ಗಂಟೆ ನಿಂತು ಕೇಳಿದೆ. ಹೊಟ್ಟೆ ಉರಿಯಿತು.

ಈಗ ಕಟ್ಟದ ವಿಷಯಕ್ಕೆ ಬರುತ್ತೇನೆ. ನವೆಂಬರ್ ಕೊನೆಗೆ ಸಭೆ ಕರೆದೆವು. ಕೋರಂ ಇಲ್ಲ. ಇನ್ನೊಮ್ಮೆ ಕರೆದೆವು. ಕೋರಂ ಇತ್ತು, ಬೀಗದ ಕೈ ಇರಲಿಲ್ಲ. ಮೂರನೇ ಸಭೆಯಲ್ಲಿ ಎರಡೂ ಇದ್ದವು, ಡೊಂಬಯ್ಯನೂ ಇದ್ದ. ಅವನು ಎದ್ದು, ಹಳೆಯ ಅಭ್ಯಾಸದಂತೆ ಅತ್ತಿತ್ತ ನೋಡಿದ. ನಡು ಎಲ್ಲಿದೆ? ಕುರ್ಚಿಗಳಿಗೆ ಕೈ ಇವೆ, ನಡು ಇಲ್ಲ. ಕೃಷ್ಣಮೋಹನ ಮೆಲ್ಲಗೆ, “ಹೇಳೋದನ್ನ ಅಧ್ಯಕ್ಷರಿಗೆ ಹೇಳಿ” ಎಂದ. ಡೊಂಬಯ್ಯನಿಗೆ ಸಮಾಧಾನವಾಯಿತು. ನಡುವಿನವ ಸಿಕ್ಕಿದನಲ್ಲ!

“ಅಧ್ಯಕ್ಷರೇ, ಆ ಜನಕ್ಕೆ ಹೇಳಿ. ಕಳೆದ ವರ್ಷ ಕಟ್ಟದ ಬಾಯಿ ರಾತ್ರಿಯಲ್ಲಿ ತನ್ನ ಗದ್ದೆಯ ಕಡೆಗೆ ಒಂದು ಮೊಳ ಅಗಲ ಮಾಡಿಕೊಂಡ ನೀರುಕಳ್ಳ ಅವ.”

ನಾನು ಕಾದೆ. ಪದ್ಮಯ್ಯಣ್ಣ ನನ್ನ ಕಡೆ ತಿರುಗಿ, “ಡೊಂಬಯ್ಯ ಕೇಳ್ತಾನೆ, ಈ ವರ್ಷ ಬಾಯಿ ಎಲ್ಲಿ ಇಡುದು ಅಂತ” ಎನ್ನುತ್ತಾನೆಂದು ಕಾದೆ. ಅವನು ಗಂಟಲು ಸರಿಮಾಡಿಕೊಂಡು ಹೇಳಿದ: “ಕಾರ್ಯದರ್ಶಿಗಳೇ, ಡೊಂಬಯ್ಯ ನಿಮ್ಮನ್ನು ನೀರುಕಳ್ಳ ಹೇಳ್ತಾನೆ. ಬರ್ಕೊಳ್ಳಿ.”

ಬರೆದುಕೊಂಡೆ, ಮಾರಾಯ! ನನ್ನನ್ನು ಕಳ್ಳ ಎಂದದ್ದನ್ನು ನನ್ನ ಕೈಯಲ್ಲೇ, ದುಂಡಗಿನ ಅಕ್ಷರದಲ್ಲಿ ಬರೆದುಕೊಂಡೆ. ಆಮೇಲೆ ನಾನು ಡೊಂಬಯ್ಯನ ಬಗ್ಗೆ ಹೇಳಿದ್ದನ್ನೂ ಬರೆದೆ, ಅದು ಒಂದು ಪುಟ ಆಯಿತು. ಮುಂದಿನ ಸಭೆಯಲ್ಲಿ ನಿಯಮದ ಪ್ರಕಾರ ಎರಡನ್ನೂ ಗಟ್ಟಿಯಾಗಿ ಓದಿ, ದೃಢೀಕರಿಸಿ, ಸಹಿ ಹಾಕಿದೆವು. ದಿಮ್ಮಿಯ ಮೇಲೆ ಆಡಿದ್ದರೆ ವೀಳ್ಯದ ಜೊತೆ ಉಗುಳಿ ಹೋಗುವ ಮಾತು ಈಗ ಪುಟ ಹದಿನೇಳು, ಪುಟ ಹದಿನೆಂಟು. ಆ ಎರಡು ಪುಟ ಹರಿಯದೆ ತಾನು ತೋಡಿಗೆ ಕಾಲಿಡುವುದಿಲ್ಲ ಎಂದು ಡೊಂಬಯ್ಯ. ದಾಖಲೆ ಹರಿದರೆ ಜೈಲು ಎಂದು ಪದ್ಮಯ್ಯಣ್ಣ. ಡೊಂಬಯ್ಯನ ಜೊತೆ ಮೇಲಿನ ಏಳು ಮನೆಗಳೂ ನಿಂತಿವೆ, ಗೂಟ ನೆಡುವ ದಂಡೆಯೂ ಅವರದೇ.

ಆದರೂ ಕಳೆದ ಆದಿತ್ಯವಾರ ಕಟ್ಟ ಎಂದು ಒಂದು ನೋಟೀಸು ಬರೆದು ಮಂದಿರದ ಬಾಗಿಲಿಗೆ ಅಂಟಿಸಿದೆವು. ಊರಿನಲ್ಲಿ ಯಾರೂ ಹೋಗದ ಜಾಗ ಅದೊಂದೇ, ಅಲ್ಲೇ ಅಂಟಿಸಿದೆವು. ಬಂದದ್ದು ಒಂಬತ್ತು ಆಳು. ಸಂಜೆಗೆ ಅರ್ಧವಾಯಿತು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಎರಡು ಗೂಟ ನಿಂತಿದ್ದವು, ಸೊಪ್ಪೆಲ್ಲ ಕೆಳಗಿನ ತಿರುವಿನಲ್ಲಿ ಸಿಕ್ಕಿಕೊಂಡು ಕೊಳೆಯುತ್ತಿತ್ತು. ನಾನು ದಂಡೆಯಲ್ಲಿ ಕೂತೆ. ಆಚೆ ದಂಡೆಯಲ್ಲಿ ಡೊಂಬಯ್ಯನೂ ಬಂದು ನಿಂತಿದ್ದ. ಅವನಿಗೂ ಎಂತದೋ ಹೇಳಲಿಕ್ಕಿತ್ತು, ನನಗೂ ಇತ್ತು. ನಡುವೆ ನೀರು ಹೋಗುತ್ತಿತ್ತು. ಕೊನೆಗೆ ಅವನು ಎಮ್ಮೆಯನ್ನು ಬೈಯುತ್ತ ಹೋದ. ಎಮ್ಮೆ ಅಲ್ಲಿ ಇರಲಿಲ್ಲ.

ನನಗೆ ಸಿಟ್ಟು ಬರುತ್ತಿದೆ, ಕುಂಞಿ ಮೋನು. ಯಾರ ಮೇಲೆ ಎಂದು ಹುಡುಕಿದರೆ ಯಾರೂ ಸಿಗುವುದಿಲ್ಲ. ಅಧಿಕಾರಿಗಳು ನಮ್ಮನ್ನು ಮೆಚ್ಚಿದ್ದು ತಪ್ಪೇ? ಕೃಷ್ಣಮೋಹನ ನಮೂನೆ ತಂದದ್ದು ತಪ್ಪೇ? ಒಬ್ಬನೂ ಕೆಟ್ಟದ್ದು ಬಯಸಲಿಲ್ಲ. ಒಳ್ಳೆಯದನ್ನು ಬಯಸಿಯೇ ಊರಿನ ಬಾಯಿ ಕಟ್ಟಿದೆವು, ತೋಡಿನ ಬಾಯಿ ಬಿಟ್ಟೆವು. ಜನ ಸುಮ್ಮನೆ ಕೂರುವ ಜಾಗಕ್ಕೆ ಒಂದು ಹೆಸರು, ಒಂದು ಪಟ್ಟಿ ಕೊಟ್ಟರೆ ಅದು ಹೀಗೆ ಸಾಯುತ್ತದೆಂದು ಯಾವ ಶಾಲೆಯಲ್ಲೂ ಕಲಿಸಲಿಲ್ಲ.

ಆದ್ದರಿಂದ ಬಾ. ಕುರ್ಚಿ ಬೇಡ, ಮಂದಿರ ಬೇಡ. ತೋಡಿನ ದಂಡೆಯಲ್ಲಿ ಒಂದು ಕಲ್ಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚು, ಸಾಕು. ಡೊಂಬಯ್ಯ ಆಚೆಯಿಂದ ಬೈಯಲಿ, ನಾನು ಈಚೆಯಿಂದ ಬೈಯುತ್ತೇನೆ, ನೀನು ನಿನಗೆ ಕೇಳಿಸಿದ್ದನ್ನು ಹೇಳು. ಮರುದಿನ ಕಟ್ಟ ಆಗುತ್ತದೆ.

ನಿನ್ನ ಅಣ್ಣನ ಕಾಲು ಬೇಗ ಗುಣವಾಗಲಿ. ನಿನ್ನ ವ್ಯಾಪಾರ ಚೆನ್ನಾಗಿರಲಿ, ಆದರೆ ನಿನ್ನನ್ನು ಅಲ್ಲೇ ಹಿಡಿದು ನಿಲ್ಲಿಸುವಷ್ಟು ಚೆನ್ನಾಗುವುದು ಬೇಡ. ನಿನ್ನ ದೇವರೂ ನಮ್ಮ ಊರಿನ ದೈವಗಳೂ ಸೇರಿ ನಿನ್ನನ್ನು ಕಾಯಲಿ.

ಇತಿ ನಿನ್ನ,
ಕೆ. ದೇರಣ್ಣ ಗೌಡ
(ಕಾರ್ಯದರ್ಶಿ ಎಂದು ಬರೆದು ಹೊಡೆದು ಹಾಕಿದ್ದೇನೆ, ಅಭ್ಯಾಸದಿಂದ ಬಂತು.)

ತಾ.ಕ.: ಕಾಗದ ಮಡಚಿ ಅಂಟು ಹಚ್ಚುವಾಗ ಕೈ ನಿಂತಿತು. ಇಷ್ಟುದ್ದ ಬರೆದು ಒಂದು ಸುಳ್ಳನ್ನು ಬೊಂಬಾಯಿಯವರೆಗೆ ಕಳುಹಿಸುವುದು ಬೇಡ.

ನಮೂನೆಯ ತೀರ್ವೆಯ ಕಾಲಮಿನಲ್ಲಿ “ಇದ್ದಲ್ಲಿ” ಎಂದು ಇತ್ತು. ಇಲ್ಲದವರಿಗೆ ಒಂದು ಗೀಟು ಎಳೆದರೆ ಸಾಕು ಎಂದು ಕೃಷ್ಣಮೋಹನ ಹೇಳಿಯೂ ಇದ್ದ. ಪಟ್ಟಿ ಓದಿ ಹೇಳಿದಾಗ ಪದ್ಮಯ್ಯಣ್ಣನೇ ಕೇಳಿದ: “ಬ್ಯಾರಿಯ ಹೆಸರು ಎಲ್ಲಿ ಮಾರಾಯ? ಅವ ಇಲ್ಲದೆ ಇದು ಎಂತ ಸಂಘ?” ಹೌದು, ನಾನು ಇಡೀ ಕಾಗದದಲ್ಲಿ ತಮಾಷೆ ಮಾಡಿದ ಅದೇ ಪದ್ಮಯ್ಯಣ್ಣ. ನಾನು ಹೇಳಿದೆ: “ಅವ ಇನ್ನು ಬರುದಿಲ್ಲ ಪದ್ಮಯ್ಯಣ್ಣ, ಬೊಂಬಾಯಿಯಲ್ಲೇ ನಿಲ್ತಾನಂತೆ, ಕಾಗದ ಬಂದಿದೆ.” ಕಾಗದ ಬಂದಿದೆ ಎಂದು ಪೋಸ್ಟ್‌ಮಾಸ್ಟರ್ ಹೇಳಿದರೆ ಊರಿನಲ್ಲಿ ಯಾರು ಅಲ್ಲ ಎನ್ನುತ್ತಾರೆ?

ಯಾಕೆಂದು ಕೇಳುತ್ತೀ. ಹನ್ನೆರಡು ವರ್ಷ ನಾನೂ ಆ ದಿಮ್ಮಿಯಲ್ಲಿ ಕೂತಿದ್ದೆ. ಪೇಪರು ಓದಿ ಹೇಳುವವ ನಾನು, ಅರ್ಜಿ ಬರೆಯುವವ ನಾನು. ಆದರೂ ಮಾತು ಮುಗಿಯುವ ಹೊತ್ತಿಗೆ ಎಲ್ಲರೂ ನಿನ್ನ ಮುಖ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಅದೇ ನನಗೆ ತಡೆಯುತ್ತಿರಲಿಲ್ಲ. ಎಲ್ಲಾದರೂ ಒಂದು ಕಡೆ, ಒಂದು ಹಲಗೆಯಲ್ಲಾದರೂ, ನೀನಿಲ್ಲದೆ ನನ್ನ ಹೆಸರು ಇರಲಿ ಎಂದು ಆಸೆಯಾಯಿತು. ಇದೆ. ಹಳದಿ ಬಣ್ಣದಲ್ಲಿ, ಎರಡನೆಯದು.

ಉದ್ಘಾಟನೆಯ ದಿನ ನಿನ್ನ ಮಗಳು ಲೈಲಾ ಮೈಮೂನಾಳ ಕೈ ಹಿಡಿದು ಬಂದಿದ್ದಳು. ಮೂರನೇ ಕ್ಲಾಸಿಗೆ ಹೋಗುತ್ತಾಳಲ್ಲ, ಹಲಗೆಯ ಹೆಸರುಗಳನ್ನೆಲ್ಲ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಹನ್ನೆರಡೂ ಮುಗಿದ ಮೇಲೆ ಕೆಳಗಿನ ಖಾಲಿ ಜಾಗ ನೋಡಿ, “ಪೋಸ್ಟ್ ಮಾಮ, ಅಪ್ಪನ ಹೆಸರು ಬರಿಯುದು ಬಾಕಿ ಉಂಟಾ?” ಎಂದು ಕೇಳಿದಳು. ಮೈಮೂನಾ ನನ್ನನ್ನು ನೋಡಿದಳು. ಬಣ್ಣ ಮುಗಿಯಿತು ಮಗಳೇ, ಬಂದ ಕೂಡಲೇ ಬರೆಯುತ್ತೇವೆ ಎಂದೆ.

ಮೊದಲೆಲ್ಲ ಚೀಲ ಬರುವ ದಿನ ಅವಳು ನಮ್ಮ ಬಾಗಿಲಲ್ಲಿ ನಿಂತು ನಿನ್ನ ಕಾಗದ ಕೇಳುತ್ತಿದ್ದಳು. ಈಗಲೂ ಪ್ರತಿ ಸಲ ಬರುತ್ತಾಳೆ, ಕಾಗದ ಕೇಳುವುದಿಲ್ಲ. ನಾನು ಚೀಲ ಬಿಚ್ಚಿ ಮುಗಿಸುವವರೆಗೆ ಸುಮ್ಮನೆ ನಿಂತು, ಆಮೇಲೆ ಕೇಳುತ್ತಾಳೆ: “ಬಣ್ಣ ಬಂತಾ ಮಾಮ?”